ಸಾಲ್ಸಾಕ್ಕೆ ಒಗ್ಗರಣೆ ಬೇಡ

ಪುಟ್ಟೀ, ಕೆಲಸದ ಮೇಲೆ ಗ್ವಾಡಲಹಾರಾಕ್ಕೆ ಹೊರಟಿದ್ದೀಯ. ಅಡುಗೆಯ ವಿಷಯದಲ್ಲಿ ಈ ಅತ್ತೆಯ ಮಾತೊಂದನ್ನು ನಡೆಸಿಕೊಡು. ಮೆಕ್ಸಿಕೋದಲ್ಲಿರುವಷ್ಟು ದಿನ ಅಲ್ಲಿನ ಗೊಜ್ಜು ಸಾಲ್ಸಾಕ್ಕೆ ಒಗ್ಗರಣೆ ಹಾಕಬೇಡ. ಇಂಗು, ಕರಿಬೇವು, ಬೆಲ್ಲ ಯಾವುದೂ ಬೇಡ. ಟೊಮೇಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಬಿಳಿ ಈರುಳ್ಳಿ, ಕಲ್ಲುಪ್ಪು, ಕೊತ್ತಂಬರಿ ಸೊಪ್ಪು, ಇಷ್ಟೇ ಸಾಮಾನು. ಸುಡುವ ಹದ, ಅರೆಯುವ ಕ್ರಮ ಇವೆರಡರಲ್ಲೇ ಅದರ ರುಚಿಯೆಲ್ಲ ಇರುವುದು.

ಕೋಮಾಲ್ ಅಂದರೆ ಅವರ ಹೆಂಚು. ಅದಕ್ಕೆ ಎಣ್ಣೆ ಸವರಬೇಡ. ಚೆನ್ನಾಗಿ ಕಾದ ಮೇಲೆ ನಾಲ್ಕು ಹಣ್ಣು ಟೊಮೇಟೊ, ಎರಡು ಸೆರ್ರಾನೊ ಮೆಣಸಿನಕಾಯಿ, ಸಿಪ್ಪೆ ಬಿಡಿಸದ ಎರಡು ಎಸಳು ಬೆಳ್ಳುಳ್ಳಿ ಇಡು. ಬೆಳ್ಳುಳ್ಳಿ ಒಳಗೊಳಗೇ ಮೆತ್ತಗಾಗಬೇಕು. ಸಿಪ್ಪೆ ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ. ಟೊಮೇಟೊ ಮೈಮೇಲೆ ಅಲ್ಲಲ್ಲಿ ಕಪ್ಪು ಕಲೆ ಬಿದ್ದು, ಸಿಪ್ಪೆ ಬಿರಿದು, ರಸ ಜಿನುಗುವವರೆಗೆ ತಿರುವುತ್ತಿರು. ಹತ್ತು ಹದಿನೈದು ನಿಮಿಷ ಬೇಕು. ಕಪ್ಪು ಕಂಡು ಗಾಬರಿಯಾಗಿ ಬೇಗ ಇಳಿಸಿದರೆ ಹಸಿ ವಾಸನೆ ಉಳಿದುಬಿಡುತ್ತದೆ. ಆ ಕಪ್ಪನ್ನೆಲ್ಲ ತೊಳೆದು ತೆಗೆಯಲೂ ಹೋಗಬೇಡ, ಹೊಗೆಯ ಪರಿಮಳ ಇರುವುದೇ ಅದರಲ್ಲಿ.

ಅರೆಯಲು ಮೊಲ್ಕಹೇಟೆ ಬೇಕು. ಮೂರು ಕಾಲಿನ, ಜ್ವಾಲಾಮುಖಿ ಕಲ್ಲಿನ ಒರಳು ಅದು. ನೀನಿರುವ ಊರಿನ ಹತ್ತಿರದ ಸಾನ್ ಲೂಕಾಸ್ ಎವಾನ್ಹೆಲಿಸ್ತಾದಲ್ಲಿ ಅದನ್ನು ಕೆತ್ತುವ ಮನೆತನಗಳಿವೆ, ಅಲ್ಲಿಗೇ ಹೋಗಿ ಕೊಂಡುಕೊ. ಸಂತೆಯಲ್ಲಿ ಸಿಮೆಂಟಿನಲ್ಲಿ ಎರಕ ಹೊಯ್ದವೂ ಸಿಗುತ್ತವೆ. ಹೊಸ ಕಲ್ಲನ್ನು ಪಳಗಿಸಬೇಕು. ಒಂದು ಹಿಡಿ ಅಕ್ಕಿ ಹಾಕಿ ಅರೆ. ಮೊದಲು ಹಿಟ್ಟು ಬೂದು ಬಣ್ಣಕ್ಕೆ ಬರುತ್ತದೆ. ಚೆಲ್ಲಿ ಮತ್ತೆ ಅರೆ. ಹಿಟ್ಟು ಬೆಳ್ಳಗೆ ನಿಂತ ಮೇಲೆ ಉಪ್ಪು, ಬೆಳ್ಳುಳ್ಳಿ ಸೇರಿಸಿ ಒಮ್ಮೆ ಅರೆದುಬಿಡು. ಎಷ್ಟು ಅರೆದರೂ ಬೂದು ಪುಡಿ ನಿಲ್ಲದಿದ್ದರೆ ಆ ಒರಳನ್ನು ಅಡುಗೆಗೆ ಬಳಸಬೇಡ. ಸೋಪು ಹಾಕಿ ತೊಳೆಯಲೂಬೇಡ, ನೀರು ಮತ್ತು ಬ್ರಷ್ ಸಾಕು.

ಇನ್ನು ಕ್ರಮ. ಮೊದಲು ಕಲ್ಲುಪ್ಪು, ಸುಟ್ಟ ಬೆಳ್ಳುಳ್ಳಿ. ಉಪ್ಪಿನ ಹರಳಿಗೆ ಸಿಕ್ಕು ಬೆಳ್ಳುಳ್ಳಿ ನುಣ್ಣಗಾಗುತ್ತದೆ. ಆಮೇಲೆ ಮೆಣಸಿನಕಾಯಿ. ಅದು ಪೂರ್ತಿ ಅರೆದ ನಂತರವೇ ಟೊಮೇಟೊ, ಅದೂ ಒಂದೊಂದಾಗಿ. ಟೊಮೇಟೊ ಮೊದಲೇ ಬಿದ್ದರೆ ಮೆಣಸಿನಕಾಯಿ ರಸದಲ್ಲಿ ಜಾರಿ ತುಂಡಾಗಿಯೇ ಉಳಿಯುತ್ತದೆ; ಒಂದು ತುತ್ತು ಸಪ್ಪೆ, ಮುಂದಿನ ತುತ್ತು ಕಣ್ಣೀರು. ಟೊಮೇಟೊ ತರಿತರಿಯಾಗಿರಲಿ. ಮಿಕ್ಸಿ ಅದಕ್ಕೆ ಗಾಳಿ ತುಂಬಿ ನೊರೆ ಬರಿಸುತ್ತದೆ, ಬಣ್ಣವೂ ಪೇಲವವಾಗುತ್ತದೆ. ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಕೊನೆಗೆ, ಹಸಿಯಾಗಿಯೇ. ಖಾರ ಹೆಚ್ಚೆನಿಸಿದರೆ ಮುಂದಿನ ಸಲ ಮೆಣಸಿನಕಾಯಿಯ ಒಳಗಿನ ಬಿಳಿ ಪೊರೆ ತೆಗೆ. ಖಾರ ಹುಟ್ಟುವುದು ಆ ಪೊರೆಯಲ್ಲಿ, ಬೀಜದಲ್ಲಲ್ಲ.

ಹಸಿರು ಸಾಲ್ಸಾದ ಕಾಯಿಯೇ ಬೇರೆ. ಕಾಗದದಂಥ ಹೊದಿಕೆಯೊಳಗೆ ಇರುವ ತೊಮಾತೆ ವೆರ್ದೆ ಅದು. ಹೊದಿಕೆ ಬಿಡಿಸಿ, ಮೈಮೇಲಿನ ಅಂಟು ಹೋಗುವಂತೆ ತೊಳೆ. ಬೇಯಿಸುವುದಾದರೆ ಎಳೆ ಹಸಿರು ಮಾಸಿದೊಡನೆ ಇಳಿಸು, ಒಡೆಯಲು ಬಿಡಬೇಡ. ಅರೆದ ಸಾಲ್ಸಾ ತಣ್ಣಗಾದರೆ ಗಟ್ಟಿಯಾಗಿ ಕೂರುತ್ತದೆ. ಎರಡು ಚಮಚ ನೀರು ಬೆರೆಸಿ, ಉಪ್ಪು ನೋಡು. ಬಣ್ಣ ನೋಡಿ ಖಾರ ಅಳೆಯಬೇಡ, ಕೆಂಪಿಗಿಂತ ಹಸಿರೇ ಚುರುಕಾಗಿರಬಹುದು.

ಒಣಮೆಣಸಿನಕಾಯಿ ಸಾಲ್ಸಾಕ್ಕೆಂದು ಬ್ಯಾಡಗಿ ಗಂಟು ಕಟ್ಟಿಕೊಂಡು ಹೋಗಬೇಡ. ಬ್ಯಾಡಗಿಯ ಪೂರ್ವಿಕರು ಬಂದದ್ದೇ ಆ ನೆಲದಿಂದ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ. ಅಲ್ಲಿ ಗ್ವಾಹಿಯೊ ಸಿಗುತ್ತದೆ, ಬಣ್ಣ ಹೆಚ್ಚು, ಖಾರ ಹದ. ತೊಟ್ಟು, ಬೀಜ ತೆಗೆದು ಹೆಂಚಿನ ಮೇಲೆ ಕೆಲವೇ ಕ್ಷಣ ಆಡಿಸಿ ಬಿಸಿನೀರಿಗೆ ಹಾಕು. ಆಗ ಕಿಟಕಿ ತೆರೆದಿರಲಿ. ಆ ಘಾಟು ಎಂಥದ್ದೆಂದರೆ, ಅಲ್ಲಿನ ಮೂಲನಿವಾಸಿಗಳ ಬದುಕನ್ನು ತೋರಿಸುವ, 1541ರ ಸುಮಾರಿಗೆ ಬರೆಸಿದ ಮೆಂಡೋಸಾ ಚಿತ್ರಗ್ರಂಥದಲ್ಲಿ, ಮಾತು ಕೇಳದ 11 ವರ್ಷದ ಹುಡುಗನನ್ನು ತಂದೆ ಮೆಣಸಿನ ಹೊಗೆಗೆ ಹಿಡಿಯುವ ಚಿತ್ರವಿದೆ. ನನಗೆ ಆ ಶಿಕ್ಷೆಗಿಂತ ಅದೇ ಕಾಲದ ಇನ್ನೊಂದು ನೆನಪು ಹತ್ತಿರದ್ದು. ಬೆರ್ನಾರ್ದಿನೊ ದೆ ಸಾಹಗುನ್ ಎಂಬ ಪಾದ್ರಿ ಅಲ್ಲಿನ ಮೂಲನಿವಾಸಿ ನಾವಾ ಜನರ ಹಿರಿಯರ ಬಾಯಿಂದ ಬರೆಸಿದ ಹನ್ನೆರಡು ಸಂಪುಟಗಳಲ್ಲಿ ಆರನೆಯದು ಹೆತ್ತವರು ಮಕ್ಕಳಿಗೆ ಹೇಳಿದ ಬುದ್ಧಿಮಾತುಗಳನ್ನು ಕೂಡಿಟ್ಟಿದೆ. ಹತ್ತನೆಯದರಲ್ಲಿ ಸಂತೆಯಲ್ಲಿ ಮೆಣಸಿನ ಗೊಜ್ಜುಗಳನ್ನು ಮಾರುವವರೂ ಬರುತ್ತಾರೆ. ನೀನು ಕೈಯಿಡುವುದು ಅಷ್ಟು ಹಳೆಯ ಕೆಲಸಕ್ಕೆ. ಅದಕ್ಕೇ ಹೇಳುವುದು, ಪುಸ್ತಕ ಬಿಟ್ಟು ಸಂತೆಯಲ್ಲಿ ಮಾರುವ ಹೆಂಗಸರ ಪಕ್ಕ ನಿಲ್ಲು. ಅವರ ಕೈ ಯಾವಾಗ ನಿಧಾನಿಸುತ್ತದೆ, ಯಾವಾಗ ಒತ್ತುತ್ತದೆ ನೋಡು.

ಮೊದಲಿಗೆ ಈ ಮೂರೇ ಸಾಕು. ವೆರಾಕ್ರೂಸಿನ ಸಾಲ್ಸಾ ಮಾಚಾ ಆಮೇಲೆ ಕಲಿಯಬಹುದು. ಅದರಲ್ಲಿ ಒಣಮೆಣಸಿನಕಾಯಿ, ಕಡಲೆಕಾಯಿ ಬೀಜ ಎಣ್ಣೆಯಲ್ಲಿ ಹುರಿಯುತ್ತಾರೆ. ಯುಕಾಟಾನ್ ಕಡೆಯ ಹುಳಿಕಿತ್ತಳೆ ರಸದ ಸಾಲ್ಸಾಕ್ಕೆ ಹಬನೇರೊ ಹೆಚ್ಚುವಾಗ ಮಾತ್ರ ಕೈಗವಸು ಹಾಕಿಕೊ.