ಬಳ್ಳಿಗಾವೆಯ ಕೋಡಿಯಮಠ: 12ನೇ ಶತಮಾನದ ಅನಾಥಾಶ್ರಯ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೆರೆಯ ಕೋಡಿಯ ಬಳಿಯಿದ್ದ ಕಾಳಾಮುಖ ಶೈವರ ಮಠ. ಇದರ ಕೇದಾರೇಶ್ವರ ದೇಗುಲ ತ್ರಿಕೂಟ ಮಾದರಿಯದು: ಮೂರು ಗರ್ಭಗುಡಿ, ಬಳಪದ ಕಲ್ಲು. ಆದರೆ ಅಭ್ಯರ್ಥಿಗಳು ಮರೆಯಬಾರದ್ದು ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ. ದೀನರು, ಕುಂಟರು, ಕುರುಡರು, ಕಿವುಡರಿಗೆ ಇಲ್ಲಿ ಅನ್ನ. ಅನಾಥ ರೋಗಿಗಳಿಗೆ ಔಷಧ. ಗಾಯಕರಿಗೂ ಕೊಳಲೂದುವವರಿಗೂ ಎಲೆ ಹಾಕುತ್ತಿದ್ದರೆಂಬುದು ಸ್ವಾರಸ್ಯ! ಜೊತೆಗೆ ವೇದ, ವ್ಯಾಕರಣ, ದರ್ಶನಗಳ ಪಾಠ. ಗುರು: ವಾಮಶಕ್ತಿ.

ಅದೇ ಶತಮಾನದಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಬಿಷಪ್ ಹೆನ್ರಿ 13 ಬಡವರಿಗಾಗಿ ಸೇಂಟ್ ಕ್ರಾಸ್ ಧರ್ಮಶಾಲೆ ಕಟ್ಟಿಸಿದ. ಅಲ್ಲಿ ವಾಸದ ಮನೆಗಳು ಇಂದಿಗೂ ಇವೆ. ಬಳ್ಳಿಗಾವೆಯಲ್ಲಿ ಉಳಿದದ್ದು ಗುಡಿ, ಶಾಸನ.

ನೆನಪಿಡಿ: ಸೊರಬ ತಾಲ್ಲೂಕಿನ ಕುಬಟೂರಿನದು ಕೈಟಭೇಶ್ವರ, ಬಳ್ಳಿಗಾವೆಯದು ಕೇದಾರೇಶ್ವರ. ಹೊಂದಿಸಿ ಬರೆಯುವಾಗ ಅದಲುಬದಲು ಮಾಡಬೇಡಿ.