ಗದ್ದೆಯ ಮೇಲಣ ನಿವೇಶನ

ವಿಜಯನಗರದ ಅರಸರು ತೋಡಿಸಿದ ಬಸವಣ್ಣ ಕಾಲುವೆ, ರಾಯ ಕಾಲುವೆಗಳು ಇಂದಿಗೂ ಹರಿಯುತ್ತಿರುವ ಹೊಸಪೇಟೆಯ ಸೀಮೆಯಲ್ಲಿ ಕಬ್ಬು ಬಾಳೆಗಳ ಗದ್ದೆಗಳು ಬಡಾವಣೆಗಳಾಗುತ್ತಿರುವುದಕ್ಕೆ ನಾನು ಮರುಗುತ್ತೇನಾದರೂ ಆಕ್ಷೇಪಿಸಲಾರೆ. ಏಕೆಂದರೆ ಊರಿನ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಕಬ್ಬಿನ ಬೆಳೆಗಾರನಿಗುಂಟಾದ ಸಂಕಷ್ಟವನ್ನೂ, 2021ರಲ್ಲಿ ಹೊಸಪೇಟೆಯು ಜಿಲ್ಲಾಕೇಂದ್ರವಾದ ತರುವಾಯ ನಿವೇಶನಗಳಿಗೆ ಏರಿದ ಬೇಡಿಕೆಯನ್ನೂ ನಮ್ಮ ಮನೆತನವು ಸ್ವತಃ ಕಂಡಿದೆ.

ನಮ್ಮ ಪಿತ್ರಾರ್ಜಿತ ಗದ್ದೆಗೆ ಎನ್.ಎ. (ಕೃಷಿಯೇತರ ಬಳಕೆಗೆ ಭೂಪರಿವರ್ತನೆ) ಮಾಡಿಸಿದಾಗ ಸಿದ್ಧವಾದ ಮೊದಲ ನಕ್ಷೆಯಲ್ಲಿ ಬದುವಿನ ಹುಣಸೆಮರಗಳೂ, ಹೊಲಗಾಲುವೆಯೂ, ಹೆಬ್ಬಂಡೆಯೂ ಮಾಯವಾಗಿ, ಉದ್ಯಾನವು ಯಾರೂ ಕೊಳ್ಳಲೊಲ್ಲದ ಒಂದು ಮುಕ್ಕೋನ ಮೂಲೆಗೆ ಸರಿದಿತ್ತು. ಉದ್ಯಾನಕ್ಕೂ ನಾಗರಿಕ ಸೌಕರ್ಯಕ್ಕೂ ಭೂಮಿ ಬಿಡುವುದು ಹೇಗೂ ಶಾಸನವಿಹಿತವಾಗಿರುವಾಗ, ಆ ಪಾಲನ್ನು ಮರ ಬಂಡೆಗಳಿರುವಲ್ಲಿಯೇ ಬಿಟ್ಟರೆ ಆಗುವ ನಷ್ಟವೇನೆಂದು ನಾವು ಲೆಕ್ಕ ಹಾಕಿಸಿದೆವು, ಆದದ್ದು ಅತ್ಯಲ್ಪ; ಹಾಗಾಗಿ ಅವನ್ನು ಉಳಿಸಿಕೊಂಡೆವು. ಅದಿರಿನ ಧೂಳಿನಲ್ಲಿ ಬಾಳಿದ ಸಂಡೂರಿನ ಕುಟುಂಬಗಳೂ, ಕಂಪ್ಲಿಯ ಭತ್ತದ ಬಯಲಿನಿಂದ ಬಂದವರೂ ಮೊದಲು ಕೇಳಿದ್ದು ಹುಣಸೆಯ ನೆರಳಿಗೆ ಮುಖಮಾಡಿದ ನಿವೇಶನಗಳನ್ನೇ, ಅದೂ ಹೆಚ್ಚಿನ ಬೆಲೆಗೆ. ಕಾಲುವೆಯನ್ನು ಮುಚ್ಚದಿದ್ದುದರ ಲಾಭವು ಇನ್ನೂ ದೊಡ್ಡದು: ತಲೆಮಾರುಗಳಿಂದ ನೀರುಂಡ ನೆಲದಲ್ಲಿ ಹರಿವಿನ ದಾರಿಯನ್ನು ಕಟ್ಟಿಹಾಕಿದರೆ ಆ ನೀರು ತಳಪಾಯಕ್ಕೆ ನುಗ್ಗುತ್ತದೆ, ಮತ್ತು ಅದರ ಖರ್ಚು ಮಾರಿದವನಿಗಲ್ಲ, ಕೊಂಡವನಿಗೆ.

ಲಾಭ ನಷ್ಟಗಳ ಈ ಲೆಕ್ಕದಲ್ಲಿ ಮಾರುವ ರೈತನು ತೆರಿಗೆಯನ್ನೂ ಮೊದಲೇ ಎಣಿಸತಕ್ಕದ್ದು. ಲಕ್ಷಕ್ಕೆ ಮೀರಿ ಹತ್ತು ಲಕ್ಷದೊಳಗೆ ಜನಸಂಖ್ಯೆಯುಳ್ಳ ಹೊಸಪೇಟೆಯಂತಹ ಪಟ್ಟಣದ ಎಲ್ಲೆಯಿಂದ 6 ಕಿಲೋಮೀಟರಿನೊಳಗಿನ ಕೃಷಿಭೂಮಿಯೂ ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯೇ.

ಹಂಪಿಯ ಸಮೀಪದಲ್ಲಿ ಸೌಂದರ್ಯರಕ್ಷಣೆಯು ಅಭಿರುಚಿಯ ಮಾತಾಗಿರದೆ ಕಾನೂನಿನ ಮಾತೇ ಆಗಿದೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕ್ಷೇತ್ರಕ್ಕೆ 2002ರ ಕಾಯಿದೆಯ ಮೂಲಕ ಪ್ರತ್ಯೇಕ ಪ್ರಾಧಿಕಾರವು ಒದಗಿದ್ದು, ಅದರ ಅನುಮತಿಯಿಲ್ಲದೆ ವಿರೂಪಾಪುರ ಗಡ್ಡೆಯಲ್ಲಿ ಎದ್ದ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ತರುವಾಯ ನೆಲಸಮವಾದವು. ಅಲ್ಲಿ ಹೂಡಿದ ಹಣ ಮರಳಲಿಲ್ಲ.

ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಮುಂಗಡ ಕೊಡುವ ಮುನ್ನ ಭೂಪರಿವರ್ತನೆಯ ಆದೇಶವನ್ನೂ, ಅನುಮೋದಿತ ನಕ್ಷೆಯನ್ನೂ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯನ್ನೂ ಕೇಳಿರಿ, 500 ಚದರ ಮೀಟರಿಗೆ ಮೀರಿದ ಬಡಾವಣೆಗೆ ಆ ನೋಂದಣಿಯು ಕಡ್ಡಾಯವಾಗಿದ್ದು, ನಿಮ್ಮ ಹಣದ ಶೇಕಡ 70 ಭಾಗವು ಪ್ರತ್ಯೇಕ ಖಾತೆಯಲ್ಲಿರಬೇಕು. ಬಳಿಕ ನಕ್ಷೆಯನ್ನು ಕೈಯಲ್ಲಿ ಹಿಡಿದು ಮಳೆಗಾಲದಲ್ಲಿ ಒಮ್ಮೆ ಆ ನೆಲವನ್ನು ನಡೆದು ನೋಡಿರಿ. ನೆಲದಲ್ಲಿರುವ ಕಾಲುವೆ ನಕ್ಷೆಯಲ್ಲಿ ಇಲ್ಲವಾದರೆ ಆ ನಿವೇಶನವನ್ನು ಕೊಳ್ಳಬೇಡಿರಿ.