ಮುಡಿಯ ಹೂವು, ಮರದ ಹೂವು

ಬೆಂಗಳೂರಿನ ಹೂವಿನ ಚರಿತ್ರೆಯನ್ನು ಹೇಳಹೊರಡುವವರು ಸಾಮಾನ್ಯವಾಗಿ ಲಾಲ್‌ಬಾಗಿನಿಂದ ಆರಂಭಿಸುತ್ತಾರೆ. ಆದರೆ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಪೇಟೆಯ ನಿವಾಸಿಗೆ ಹೂವೆಂಬುದು ಉದ್ಯಾನದಲ್ಲಿ ನೋಡಿ ಬರುವ ವಸ್ತುವಾಗಿರಲಿಲ್ಲ; ಬೆಳಗಿನ ಪೂಜೆಗೂ ಸಂಜೆಯ ಮುಡಿಗೂ ಬೇಕಾದ ನಿತ್ಯದ ಪದಾರ್ಥವಾಗಿತ್ತು.

ಅದನ್ನು ಒದಗಿಸುತ್ತಿದ್ದವರಲ್ಲಿ ತೋಟಗಾರಿಕೆಯನ್ನೇ ಕುಲವೃತ್ತಿಯಾಗಿ ಉಳ್ಳ ತಿಗಳರು ಪ್ರಮುಖರು. ದುಂಡುಮಲ್ಲಿಗೆಯ ಮೊಗ್ಗನ್ನು ಬೆಳಗಿನ ತಂಪಿನಲ್ಲಿಯೇ ಬಿಡಿಸಬೇಕು. ಅದು ಸಂಜೆಗೆ ಮುಡಿಯಲ್ಲಿ ಅರಳಬೇಕು. ಬಿಡಿಸುವುದು, ಹೊತ್ತು ತರುವುದು, ಕಟ್ಟುವುದು, ಮಾರುವುದು ಎಲ್ಲವೂ ಆ ಒಂದು ಹಗಲಿನೊಳಗೇ ಮುಗಿಯಬೇಕು. ಕನಕಾಂಬರಕ್ಕೆ ಈ ಅವಸರವಿಲ್ಲ, ಪರಿಮಳವಿಲ್ಲದಿದ್ದರೂ ಬಾಳಿಕೆಯುಂಟು. ನೆನೆಸಿದ ಬಾಳೆನಾರಿನಲ್ಲಿ ಕಟ್ಟಿದ ಮಾಲೆಯನ್ನು ಮೊಳದಿಂದ ಅಳೆದು ಕೊಡುವುದು ವಾಡಿಕೆ. ಮೊಳವೆಂದರೆ ಮಾರುವವಳ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅಳತೆ. ಗಿಡ್ಡ ಕೈಯವಳಲ್ಲಿ ಕೊಂಡವರು ಒಂದು ಗೇಣು ಕೊಸರು ಕೇಳದೆ ಬಿಡುತ್ತಿರಲಿಲ್ಲ!

ಈ ಹೂವಿಗೆ ಕಟ್ಟುನಿಟ್ಟಾದ ಒಂದು ಕಟ್ಟಳೆಯಿತ್ತು. ಹಲವು ಮನೆತನಗಳಲ್ಲಿ ಪತಿಯನ್ನು ಕಳೆದುಕೊಂಡ ಹೆಣ್ಣು ಅಂದಿನಿಂದ ಹೂ ಮುಡಿಯುವಂತಿರಲಿಲ್ಲ. ದೇವರಿಗೆಂದು ಮಾಲೆ ಕಟ್ಟುವ ಕೈಗೆ ಅದನ್ನು ತನ್ನ ತಲೆಗೆ ಏರಿಸುವ ಅಧಿಕಾರವಿಲ್ಲ. ಮೈಸೂರು ಸಂಸ್ಥಾನವು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು 1894ರಲ್ಲಿಯೇ ನಿಷೇಧಿಸಿತ್ತಾದರೂ, ಹತ್ತು ಹನ್ನೆರಡು ವರ್ಷದ ಬಾಲೆಯರ ಮದುವೆಗೆ ಅದು ಸಾಮಾನ್ಯವಾಗಿ ಅಡ್ಡಿಯಾಗಲಿಲ್ಲ. ಅಂಥ ಬಾಲೆ ವಿಧವೆಯಾದರೆ, ಮಲ್ಲಿಗೆ ಅವಳ ಪಾಲಿಗೆ ಜೀವಮಾನವಿಡೀ ನೆರೆಮನೆಯ ವಾಸನೆ ಮಾತ್ರ. ಹೂವನ್ನು ಮಂಗಳದ್ರವ್ಯವೆಂದು ಕೊಂಡಾಡುವವರು ಈ ಮಗ್ಗುಲನ್ನು ಮರೆಯಬಾರದು.

1898ರ ಪ್ಲೇಗಿನ ತರುವಾಯ ಇಕ್ಕಟ್ಟಾದ ಪೇಟೆಯಿಂದ ಅನೇಕರು ಬಸವನಗುಡಿ, ಮಲ್ಲೇಶ್ವರಗಳಿಗೆ ತೆರಳಿದರು. ಅಲ್ಲಿ ಮನೆಯ ಮುಂದೆ ಪಾರಿಜಾತಕ್ಕೂ ನಂದಿಬಟ್ಟಲಿಗೂ ಎಡೆ ದೊರೆಯಿತು.

ಈ ನಡುವೆ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1908ರಲ್ಲಿ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಅವರು ಲಾಲ್‌ಬಾಗಿನ ಹೊಣೆ ವಹಿಸಿಕೊಂಡರು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿಯೂ ಬಳಿಕ ಬರೋಡದಲ್ಲಿಯೂ ಕೆಲಸ ಮಾಡಿ ಬಂದಿದ್ದ ಅವರು ನಗರದ ಸಾಲುಮರಗಳಿಗೆ ಒಂದು ಸರದಿಯನ್ನು ಕಲ್ಪಿಸಿದರು. ಒಂದು ಜಾತಿಯ ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳತೊಡಗಬೇಕು. ವರ್ಷದ ಯಾವ ತಿಂಗಳೂ ಬಣ್ಣವಿಲ್ಲದೆ ಕಳೆಯಬಾರದು ಎಂಬುದು ಅವರ ಯೋಜನೆ. ದಕ್ಷಿಣ ಅಮೆರಿಕದಿಂದ ಬಂದ ಜಕರಂದದ ನೀಲಿ ಇಳಿಯುತ್ತಿದ್ದಂತೆ, ಮಡಗಾಸ್ಕರಿನ ಗುಲ್‌ಮೊಹರ್ ಬಿರುಬೇಸಗೆಯಲ್ಲಿ ಕೆಂಪಗೆ ತುಂಬುತ್ತದೆ.

ಪೂಜೆಗೆ ಸಲ್ಲದ, ಮಾಲೆಗೆ ಒಗ್ಗದ ಈ ಹೂಗಳನ್ನು ಸಂಪ್ರದಾಯಸ್ಥರು ಹೂವಿನ ಲೆಕ್ಕಕ್ಕೇ ಹಿಡಿಯಲಿಲ್ಲವೆಂದರೂ ಸಲ್ಲುತ್ತದೆ. ಕಟ್ಟಳೆಯವರ ಗಣನೆಗೆ ಬಾರದಿದ್ದುದರಿಂದ ಅದಕ್ಕೆ ಕಟ್ಟಳೆಯೂ ಹುಟ್ಟಲಿಲ್ಲ. ಮೊಳದ ಬೆಲೆ ತೆರಲಾರದ ಕೂಲಿಯವನಿಗೂ, ತಲೆಯ ಮೇಲೆ ಸೆರಗೆಳೆದುಕೊಂಡು ಗುಡಿಗೆ ಹೋಗುತ್ತಿದ್ದ ವಿಧವೆಗೂ ಅದು ಸಮನಾಗಿಯೇ ಕಾಣಿಸುತ್ತಿತ್ತು. ವೈಶಾಖದ ಒಂದು ಮಳೆ ಬಿದ್ದ ಮರುದಿನ ಗುಲ್‌ಮೊಹರಿನ ಕೆಂಪು ಎಸಳುಗಳು ರಸ್ತೆಯ ತುಂಬ ಉದುರಿರುತ್ತಿದ್ದವು. ಆ ದಾರಿಯಲ್ಲಿ ಹೋಗುವವರೆಲ್ಲ ಅವುಗಳ ಮೇಲೆಯೇ ನಡೆದು ಹೋಗುತ್ತಿದ್ದರು.